‘ಮಿಸ್, ಇದು ಸರಿನಾ?’

ರಾಜ್ಯದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗಣಿತ ಹೇಳಿಕೊಡುತ್ತಿರುವ ಎಲ್ಲ ಮೇಷ್ಟ್ರುಗಳಿಗೆ, ಟೀಚರುಗಳಿಗೆ,



ನಾನೂ ನಿಮ್ಮಲ್ಲೊಬ್ಬಳು. ನಾಲ್ಕರಿಂದ ಏಳನೇ ತರಗತಿವರೆಗಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಈಚೆಗೆ ನಮ್ಮ ಕ್ಲಸ್ಟರಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಶುಭೋದಯದ ಹೂವಿನ ಜೊತೆಗೆ ಒಂದೆರಡು ಪಿಡಿಎಫ್‌ ಬಂದು ಬಿದ್ದಿರುತ್ತವೆ. ‘ಗಣಿತ ಒಗಟು ಹಾಳೆ’, ‘ಮೋಜಿನ ಲೆಕ್ಕ’, ‘ಬಣ್ಣ ಹಚ್ಚಿ ಉತ್ತರ ಹುಡುಕಿ’ ಅಂತೆಲ್ಲ ಹೆಸರು. ನಿಮ್ಮ ಗುಂಪುಗಳಲ್ಲೂ ಇದೇ ಮಳೆ ಸುರಿಯುತ್ತಿರಬೇಕು. ಕೆಲವನ್ನು ಝೆರಾಕ್ಸ್ ಮಾಡಿಸಿ ಹಂಚುತ್ತೇವೆ, ಮಕ್ಕಳು ಖುಷಿಪಡುತ್ತಾರೆ, ಫೋಟೊ ತೆಗೆದು ಗುಂಪಿಗೆ ಹಾಕುತ್ತೇವೆ. ಅಲ್ಲಿಗೆ ಮುಗಿಯಿತು. ಆ ಹಾಳೆಯಿಂದ ಮಗುವಿಗೆ ಲೆಕ್ಕ ಬಂತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಾನೂ ಬಹಳ ಕಾಲ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಒಂದು ಗಿಳಿ.

ಐದನೇ ತರಗತಿ, ಗುಣಾಕಾರದ ಪುನರಾವರ್ತನೆ. ಹಾಳೆಯ ತುಂಬ ಒಂದು ಗಿಳಿ. ಅದನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿನೊಳಗೆ ಒಂದೊಂದು ಲೆಕ್ಕ ಬರೆದಿತ್ತು. ಉತ್ತರ 50ರೊಳಗೆ ಬಂದರೆ ಹಸಿರು ಹಚ್ಚಬೇಕು, 50ರಿಂದ 100ರವರೆಗೆ ಬಂದರೆ ಕೆಂಪು. ಹತ್ತೇ ನಿಮಿಷದಲ್ಲಿ ತರಗತಿಯ ತುಂಬ ಗಿಳಿಗಳು! ಲೆಕ್ಕದ ಪೀರಿಯಡ್‌ನಲ್ಲಿ ಅಂಥ ಸದ್ದಿಲ್ಲದ ಸಂಭ್ರಮವನ್ನು ನಾನು ನೋಡಿರಲಿಲ್ಲ. ಬೀಗುತ್ತಾ ಓಡಾಡಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗನ ಗಿಳಿ ಒಂದು ಗೆರೆಯೂ ಆಚೀಚೆಯಾಗದಷ್ಟು ಚೆನ್ನಾಗಿತ್ತು. ಬೆನ್ನು ತಟ್ಟಿ, “ಏಳೆಂಟ್ಲ ಎಷ್ಟೋ?” ಎಂದೆ. ತಲೆ ಕೆರೆದುಕೊಂಡ. “ಗೊತ್ತಿಲ್ದೆ ಇಲ್ಲಿ ಕೆಂಪು ಹೆಂಗೆ ಹಚ್ಚಿದೆ?” ಎಂದು ಕೇಳಿದ್ದಕ್ಕೆ, ನನ್ನ ದಡ್ಡತನಕ್ಕೆ ಮರುಗುವವನಂತೆ ನೋಡಿ ಅಂದ: “ಅದು ಕೊಕ್ಕಲ್ವಾ ಮಿಸ್?”

ಅವನದೇನೂ ತಪ್ಪಿರಲಿಲ್ಲ. ಗಿಳಿಗೆ ಎಲ್ಲಿ ಕೆಂಪು, ಎಲ್ಲಿ ಹಸಿರು ಎಂಬುದು ಊರಿನ ಮಕ್ಕಳಿಗೆ ಗೊತ್ತು. ನಾಲ್ಕು ಲೆಕ್ಕ ಮಾಡಿದ ಕೂಡಲೇ ಇದು ಗಿಳಿಯೆಂದು ತಿಳಿದುಹೋಯಿತು, ಉಳಿದದ್ದು ಬರೀ ಬಣ್ಣ. ಹಾಗಲಕಾಯಿ ಗೊಜ್ಜಿಗೆ ಎಷ್ಟು ಬೆಲ್ಲ ಸುರಿದರೂ ಮಗು ಬೆಲ್ಲದ ರಸವನ್ನಷ್ಟೇ ನೆಕ್ಕಿ ಹೋಳನ್ನು ತಟ್ಟೆಯಂಚಿಗೆ ಸರಿಸುತ್ತದಲ್ಲ, ಹಾಗೆ. ಆ ಹಾಳೆಯಲ್ಲಿ ಖುಷಿ ಇದ್ದದ್ದು ಗಿಳಿಯಲ್ಲಿ. ಲೆಕ್ಕ ತಟ್ಟೆಯಂಚಿನಲ್ಲೇ ಉಳಿದಿತ್ತು.

ಅಂದಿನಿಂದ ಒಗಟಿನ ಹಾಳೆಗಳನ್ನು ನಾನು ಎರಡು ಗುಡ್ಡೆ ಮಾಡುತ್ತೇನೆ. ಒಂದು ಗುಡ್ಡೆಯದು ಹಳೇ ಲೆಕ್ಕಕ್ಕೆ ಒಗಟಿನ ಅಂಗಿ ತೊಡಿಸಿದ್ದು. ಇನ್ನೊಂದರಲ್ಲಿ ಲೆಕ್ಕವೇ ಒಗಟು. ಯಾವುದು ಯಾವ ಗುಡ್ಡೆಗೆ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಬರೆದ ಉತ್ತರ ಸರಿಯೋ ತಪ್ಪೋ ಎಂಬುದು ಮಗುವಿಗೆ ನನ್ನನ್ನು ಕೇಳದೆ, ಆ ಲೆಕ್ಕದ ಮೂಲಕವೇ ಗೊತ್ತಾಗುತ್ತದೆಯೇ? ನಿಮಗೆ ಹೇಳಬೇಕೆಂದಿರುವುದು ಇದೊಂದೇ ವಿಷಯ. ಮುಂದಿನದೆಲ್ಲ ಅದರ ವಿವರಣೆ.

ನಮ್ಮ ತರಗತಿಗಳಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು, “ಮಿಸ್, ಇದು ಸರಿನಾ?” ಮೇಜಿನ ಸುತ್ತ ನೋಟ್‌ಬುಕ್ ಹಿಡಿದ ಹತ್ತು ಕೈ. ಕೆಂಪು ಪೆನ್ನು ಸರಿ ಗುರುತು ಹಾಕಿದರೆ ಮುಖ ಅರಳುತ್ತದೆ, ಇಂಟು ಹಾಕಿದರೆ ಬಾಡುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಗಣಿತ ಬೋಧನೆಯ ಬಗ್ಗೆ ತಯಾರಾದ ವರದಿ, ನಮ್ಮ ಬಹುಪಾಲು ಮಕ್ಕಳಲ್ಲಿ ಗಣಿತವೆಂದರೆ ಭಯ ಮತ್ತು ಸೋಲಿನ ಭಾವನೆ ಇರುವುದನ್ನು ಮೊದಲ ಸಮಸ್ಯೆಯಾಗಿ ಎತ್ತಿ ಹೇಳಿತ್ತು. ಆ ಭಯದ ಒಂದು ಬೇರು ಈ ಮೇಜಿನ ಹತ್ತಿರವೇ ಇದೆ ಎನ್ನುವುದು ನನ್ನ ಅನುಭವ. ಕಬಡ್ಡಿಯಲ್ಲಿ ತಾನು ಔಟಾದೆನೋ ಇಲ್ಲವೋ ಎಂದು ಮಗುವಿಗೆ ಗೊತ್ತು. ರಂಗೋಲಿಯಲ್ಲಿ ಎಳೆ ತಪ್ಪಿದರೆ ಚುಕ್ಕಿಯೇ ಹೇಳುತ್ತದೆ. ಲೆಕ್ಕದಲ್ಲಿ ಮಾತ್ರ ಸರಿ ತಪ್ಪಿನ ಬೀಗದ ಕೈ ಬೇರೆಯವರ ಸೊಂಟದಲ್ಲಿ. ಒಳ್ಳೆಯ ಒಗಟು ಹಾಳೆ ಆ ಬೀಗದ ಕೈಯನ್ನು ಮಗುವಿಗೇ ಕೊಡುತ್ತದೆ.

ಎಲ್ಲರಿಗೂ ಗೊತ್ತಿರುವ ಮಾಯಾಚೌಕವನ್ನೇ ನೋಡಿ. ಒಂಬತ್ತು ಮನೆ, 1ರಿಂದ 9ರವರೆಗಿನ ಅಂಕಿ, ಅಡ್ಡ, ಉದ್ದ, ಓರೆ ಹೇಗೆ ಕೂಡಿದರೂ 15. ಬಹಳ ಕಡೆ ಇದನ್ನು ಹೇಳಿಕೊಡುವ ರೀತಿ ಹೇಗೆಂದರೆ, ನಡುವೆ 5 ಬರೆಯಿರಿ, ಮೂಲೆಗೆ ಸಮಸಂಖ್ಯೆ ಬರೆಯಿರಿ, ಆಯಿತು. ಅದು ಒಗಟನ್ನು ಕೊಂದು ಕೈಗೆ ಕೊಟ್ಟ ಹಾಗೆ. ನಾನೀಗ ಚೌಕ ಬರೆದು ಸುಮ್ಮನೆ ಕೂರುತ್ತೇನೆ. ಮೊದಲ ಹತ್ತು ನಿಮಿಷ ಗದ್ದಲ. ಅಡ್ಡಸಾಲು ಕೂಡಿದರೆ ಉದ್ದಸಾಲು ಕೂಡುವುದಿಲ್ಲ, ಎರಡೂ ಕೂಡಿದರೆ ಓರೆ ಕೈಕೊಡುತ್ತದೆ. ಅಳಿಸುತ್ತಾರೆ, ಬರೆಯುತ್ತಾರೆ. ಅಷ್ಟರಲ್ಲಿ ಪ್ರತಿ ಮಗುವೂ ಹತ್ತಾರು ಕೂಡುವ ಲೆಕ್ಕ ಮಾಡಿರುತ್ತದೆ. ಅಷ್ಟೇ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಮಾಡಿ ಎಂದಿದ್ದರೆ ಅರ್ಧ ತರಗತಿ ಒಂದಕ್ಕೆ ಹೋಗಬೇಕು ಎಂದು ಬೆರಳೆತ್ತುತ್ತಿತ್ತು.

ಆಮೇಲೆ ಒಂದು ಸಣ್ಣ ಕೆಲಸ ಕೊಡುತ್ತೇನೆ. ಮೂರು ಬೇರೆ ಬೇರೆ ಅಂಕಿ ಕೂಡಿ 15 ಆಗುವ ಗುಂಪುಗಳು ಎಷ್ಟಿವೆ, ಪಟ್ಟಿ ಮಾಡಿ. ಸಿಗುವುದು ಎಂಟೇ. ಚೌಕದಲ್ಲೂ ಮೂರು ಅಡ್ಡ, ಮೂರು ಉದ್ದ, ಎರಡು ಓರೆ ಸೇರಿ ಎಂಟೇ ಸಾಲು. ಪಟ್ಟಿಯಲ್ಲಿ 5 ನಾಲ್ಕು ಗುಂಪಿನಲ್ಲಿದೆ. 2, 4, 6, 8 ಮೂರು ಮೂರರಲ್ಲಿ. 1, 3, 7, 9 ಎರಡೆರಡರಲ್ಲಿ. ನಾಲ್ಕು ಸಾಲು ಹಾದುಹೋಗುವ ಮನೆ ನಡುವಿನದೊಂದೇ, ಮೂರು ಸಾಲು ಹಾಯುವುದು ಮೂಲೆಗಳಲ್ಲಿ. ಹೋದ ವರ್ಷ ಒಬ್ಬಳು ಪಟ್ಟಿಯನ್ನೂ ಚೌಕವನ್ನೂ ಬದಲಿಸಿ ಬದಲಿಸಿ ನೋಡಿ, “ಅಯ್ಯೋ, ಐದಕ್ಕೆ ಬೇರೆ ಮನೆನೇ ಇಲ್ಲ!” ಎಂದು ಕೂಗಿದಳು. ನಾನು ಹೇಳಿಕೊಟ್ಟಿದ್ದರೆ ಅದು ನಿಯಮವಾಗುತ್ತಿತ್ತು. ಅವಳು ಕಂಡದ್ದರಿಂದ ಅವಳದಾಯಿತು. ಮುಂದಿನ ವಾರ ಅದೇ ಮಕ್ಕಳಿಗೆ ನಾಲ್ಕು ನಾಲ್ಕರ ಚೌಕ ಕೊಟ್ಟೆ, ಖಜುರಾಹೋದ ಪಾರ್ಶ್ವನಾಥ ಬಸದಿಯಲ್ಲಿ ಕೆತ್ತಿರುವುದು. ಎತ್ತ ಕೂಡಿದರೂ 34. ಕೆಲವು ಮನೆ ಖಾಲಿ ಬಿಟ್ಟು ಕೊಟ್ಟರೆ ಆರನೇ ತರಗತಿಗೆ ಹೇಳಿ ಮಾಡಿಸಿದ ಹಾಳೆ.

ಇನ್ನು ಕಳೆಯುವ ಲೆಕ್ಕ. ಪಕ್ಕದ ಮನೆಯಿಂದ ಸಾಲ ತಂದು ಕಳೆಯುವುದು ನಾಲ್ಕನೇ ತರಗತಿಯ ಮಕ್ಕಳಿಗೂ ನಮಗೂ ಎಷ್ಟು ಕಷ್ಟವೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ನನ್ನ ಕೈಹಿಡಿದವರು ನಮ್ಮಂತೆಯೇ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್. ನಾಸಿಕದ ಹತ್ತಿರ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಪಾಠ ಹೇಳಿದವರು. ದೊಡ್ಡ ಪದವಿಯಿಲ್ಲ, ವಿಶ್ವವಿದ್ಯಾಲಯದ ಹುದ್ದೆಯಿಲ್ಲ. ಅಂಕಿಗಳ ಜೊತೆ ಆಡಿಕೊಂಡೇ ಬದುಕಿದರು. 1949ರಲ್ಲಿ ಅವರಿಗೆ ಸಿಕ್ಕ ಒಂದು ಸಂಖ್ಯೆ ಇವತ್ತಿಗೂ ಅವರ ಹೆಸರಿನಲ್ಲೇ ಇದೆ: 6174.

ಆಟ ಸುಲಭ. ನಾಲ್ಕಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಒಂದರಿಂದ ಒಂದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. 3524 ತೆಗೆದುಕೊಂಡರೆ 5432ರಿಂದ 2345 ಕಳೆದು 3087. 8730ರಿಂದ 0378 ಕಳೆದು 8352. 8532ರಿಂದ 2358 ಕಳೆದು 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳನೇ ಹೆಜ್ಜೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮಕ್ಕಳು ಹುಟ್ಟಿದ ವರ್ಷ ಹಾಕುತ್ತಾರೆ, ಅಪ್ಪನ ಗಾಡಿಯ ನಂಬರ್ ಹಾಕುತ್ತಾರೆ, ಊರಿಗೆ ಬರುವ ಬಸ್ಸಿನ ನಂಬರ್ ಹಾಕುತ್ತಾರೆ. ಎಲ್ಲ ಬಸ್ಸೂ ಕೊನೆಗೆ ಒಂದೇ ನಿಲ್ದಾಣಕ್ಕೆ ಬರುವುದನ್ನು ಕಂಡು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೂರನೇ ತರಗತಿಗಾದರೆ ಮೂರಂಕಿ ಸಾಕು, ಅಲ್ಲಿ ನಿಲ್ದಾಣ 495.

ಇದರೊಳಗಿನ ಎರಡು ಸೂಕ್ಷ್ಮ ಹೇಳಲೇಬೇಕು, ಯಾಕೆಂದರೆ ನಾನು ಎರಡರಲ್ಲೂ ಎಡವಿದ್ದೇನೆ. ಮೊದಲನೆಯದು ಸೊನ್ನೆ. ಒಬ್ಬ ಹುಡುಗ 1112 ತೆಗೆದುಕೊಂಡ. 2111ರಿಂದ 1112 ಕಳೆದರೆ 999. ಅವನು 999ರಿಂದ 999 ಕಳೆದು, “ಸೊನ್ನೆ ಬಂತು, ನಿಮ್ ಆಟ ಸುಳ್ಳು” ಎಂದ. ಪಕ್ಕದವಳು ಹಾಳೆ ಎಳೆದುಕೊಂಡು, “ನಾಲ್ಕ್ ಅಂಕಿ ಅಂದಿದಾರೆ, ಮುಂದೆ ಸೊನ್ನೆ ಹಾಕು” ಎಂದಳು. 0999 ಆಯಿತು, 9990ರಿಂದ ಕಳೆದರು, ಐದನೇ ಹೆಜ್ಜೆಗೆ 6174 ಸಿಕ್ಕಿತು. ಸ್ಥಾನಬೆಲೆಯ ಪಾಠದಲ್ಲಿ ಮೂರು ದಿನ ಗಂಟಲು ಹರಿದುಕೊಂಡು ನಾನು ಹೇಳಿದ್ದನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಮುಗಿಸಿದಳು.

ಎರಡನೆಯದು, ಈ ಆಟದಲ್ಲಿ ಒಂದು ಕಳ್ಳಗಿಂಡಿ ಇದೆ. ನಡುವೆ ಕಳೆಯುವುದು ತಪ್ಪಿದರೂ ಬಂದ ತಪ್ಪು ಸಂಖ್ಯೆಯೇ ಹೊಸ ದಾರಿ ಹಿಡಿದು ಕೊನೆಗೆ 6174ಕ್ಕೇ ಬಂದುಬಿಡಬಹುದು. ಹಾಗಾಗಿ ಕೊನೆಯ ಉತ್ತರ ಬಂತೆಂದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ. ಅದಕ್ಕೊಂದು ಕಾವಲು ಬೇಕು. ಪ್ರತಿ ಹೆಜ್ಜೆಯಲ್ಲಿ ಬಂದ ಸಂಖ್ಯೆಯ ಅಂಕಿಗಳನ್ನು ಕೂಡಿಸಿ ನೋಡಿಸಿ. 3087ಕ್ಕೆ 18, 8352ಕ್ಕೆ 18, 0999ಕ್ಕೆ 27. ಯಾವಾಗಲೂ ಒಂಬತ್ತರ ಮಗ್ಗಿಯೊಳಗೇ ಇರುತ್ತದೆ. ಒಂದು ಕಡೆ ಸಾಲ ತಂದದ್ದನ್ನು ಮರೆತರೆ ಉತ್ತರ 10 ಅಥವಾ 100 ಆಚೀಚೆಯಾಗುತ್ತದೆ, ಮೊತ್ತ ಒಂಬತ್ತರ ಮಗ್ಗಿಯಿಂದ ಹೊರಗೆ ಬೀಳುತ್ತದೆ, ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ. ಈ ಕಾವಲನ್ನು ಮಕ್ಕಳಿಗೆ ಕೊಟ್ಟ ದಿನದಿಂದ ಮೇಜಿನ ಹತ್ತಿರದ ಗುಂಪು ಕರಗಿತು. ತಪ್ಪು ಸಿಕ್ಕಿದ್ದಕ್ಕೆ ಖುಷಿಪಡುವ ಮಕ್ಕಳನ್ನು ನಾನು ಮೊದಲ ಸಲ ನೋಡಿದ್ದು ಆವಾಗಲೇ.

ಉತ್ತರವೇ ತನ್ನನ್ನು ತಾನು ಒಪ್ಪಿಸುವ ಲೆಕ್ಕ ನಮ್ಮ ನೆಲಕ್ಕೆ ಹೊಸತಲ್ಲ. ರಾಷ್ಟ್ರಕೂಟರ ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಗುಣಾಕಾರದ ಭಾಗದಲ್ಲಿ ಕೊರಳಹಾರದಂಥ ಸಂಖ್ಯೆಗಳು ಬರುತ್ತವೆ. 152207ನ್ನು 73ರಿಂದ ಗುಣಿಸಿದರೆ 11111111. 11011011ನ್ನು 91ರಿಂದ ಗುಣಿಸಿದರೆ 1002002001. 27994681ನ್ನು 441ರಿಂದ ಗುಣಿಸಿದರೆ 12345654321, ಏರಿ ಇಳಿಯುವ ಮುತ್ತಿನ ಸರ. ಸಾವಿರದ ಇನ್ನೂರು ವರ್ಷದ ಹತ್ತಿರಹತ್ತಿರ ಹಿಂದೆ ಒಬ್ಬ ಗುರು ತಾಳೆಗರಿಯ ಕಾಲದಲ್ಲೇ ಈ ಉಪಾಯ ಕಂಡುಕೊಂಡಿದ್ದ. ಶಿಷ್ಯ ಗುಣಿಸುತ್ತಾ ಹೋಗಲಿ, ಒಂದೇ ಒಂದು ಅಂಕಿ ತಪ್ಪಿದರೂ ಹಾರ ಹರಿದುಹೋಗುತ್ತದೆ, ನೋಡಿದ ಕೂಡಲೇ ಅವನಿಗೇ ತಿಳಿಯುತ್ತದೆ. ನಮ್ಮ ಐದನೇ ತರಗತಿಯಲ್ಲಿ ನಾನು 152207ನ್ನು ಬರೆದು 73ರಿಂದ ಗುಣಿಸಿ ಎಂದಾಗ ಮೊದಲು ಬಂದದ್ದು ‘ಅಯ್ಯೋ’ ಎಂಬ ರಾಗ. ಎಂಟು ಒಂದುಗಳು ಸಾಲಾಗಿ ನಿಂತಾಗ ಬಂದದ್ದು, “ಇನ್ನೊಂದ್ ಕೊಡಿ ಮಿಸ್!” ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಲೆಕ್ಕ ಕನ್ನಡಕ್ಕೆ ಒಗ್ಗುವುದಿಲ್ಲ ಎನ್ನುವವರು ಆ ಕಡೆಗೂ ಒಮ್ಮೆ ತಿರುಗಿ ನೋಡಬೇಕು.

ಕನ್ನಡದ ಮಾತು ಬಂತು. ಅಕ್ಷರಗಳ ಜಾಗಕ್ಕೆ ಅಂಕಿ ಹಾಕಿ ಕೂಡುವ ಒಗಟು ನಿಮಗೆ ಗೊತ್ತಿರುತ್ತದೆ. ಇಂಗ್ಲೆಂಡಿನ ಹೆನ್ರಿ ಡ್ಯೂಡೆನಿ 1924ರಲ್ಲಿ ಪ್ರಕಟಿಸಿದ ‘ಸೆಂಡ್, ಮೋರ್, ಮನಿ’ ಒಗಟು ಜಗತ್ತಿನಲ್ಲೆಲ್ಲ ಸುತ್ತಿದೆ. ಪಿಡಿಎಫ್‌ಗಳಲ್ಲಿ ಅದೇ ಬರುತ್ತದೆ. ನಮ್ಮ ಮಕ್ಕಳಿಗೋ ಇಂಗ್ಲಿಷ್ ಅಕ್ಷರವೇ ಒಂದು ಒಗಟು, ಅದರ ಮೇಲೆ ಇನ್ನೊಂದೇಕೆ? ಒಂದು ಸಂಜೆ ಕೂತು ನಾನೇ ಒಂದನ್ನು ಮಾಡಿದೆ. ಹಲಗೆಯ ಮೇಲೆ ಬರೆದದ್ದು ಇಷ್ಟೇ:

ಅರ್ಧ + ಅರ್ಧ = ಒಂದು

‘ಅ’, ‘ರ್ಧ’, ‘ಒಂ’, ‘ದು’ ನಾಲ್ಕು ಅಕ್ಷರಕ್ಕೆ ನಾಲ್ಕು ಬೇರೆ ಬೇರೆ ಅಂಕಿ. ಎರಡಂಕಿಯ ಸಂಖ್ಯೆಗೆ ಅದನ್ನೇ ಕೂಡಿದರೆ ಇನ್ನೊಂದು ಎರಡಂಕಿಯ ಸಂಖ್ಯೆ ಬರಬೇಕು. ಒಬ್ಬ, “13 ಮತ್ತೆ 13, 26!” ಎಂದ. ಸರಿಯೆಂದು ನಾನು ಹೇಳಬೇಕಾಗಿ ಬರಲಿಲ್ಲ. ಇನ್ನೊಬ್ಬಳು 25 ಮತ್ತು 25, 50 ಎಂದಳು. “ಐದು ಎರಡ್ ಕಡೆ ಬಂತು, ಆಗಲ್ಲ” ಎಂದು ಹಿಂದಿನಿಂದ ತಗಾದೆ. 50 ಮತ್ತು 50 ಎಂದವನಿಗೆ, “ಮೂರ್ ಮನೆ ಆಯ್ತಲ್ಲೋ.” ಹಾಗಾದರೆ ‘ಅ’ ಜಾಗಕ್ಕೆ 5 ಅಥವಾ ಅದಕ್ಕಿಂತ ದೊಡ್ಡದು ಬರುವಂತಿಲ್ಲ. ‘ರ್ಧ’ ಸೊನ್ನೆಯಾದರೆ ‘ದು’ ಕೂಡ ಸೊನ್ನೆಯಾಗುತ್ತದೆ, ಅದೂ ಇಲ್ಲ. ‘ದು’ ಯಾವಾಗಲೂ ಸಮಸಂಖ್ಯೆಯೇ. ಇವೆಲ್ಲ ಅವರ ಬಾಯಿಂದ ಬಂದವು. ನಾನು ಮಾಡಿದ್ದು ಹಲಗೆಯ ಮೇಲೆ ಬರೆದುಕೊಂಡದ್ದು, ಅಷ್ಟೆ.

ಬೆಲ್ ಹೊಡೆಯುವ ಹೊತ್ತಿಗೆ ಹಲಗೆಯ ಮೇಲೆ 17 ಉತ್ತರ. ಮಾರನೆಯ ದಿನ 21. ಮೂರನೆಯ ದಿನ 23ಕ್ಕೆ ನಿಂತಿತು. ಆಗ ಅಷ್ಟೇನೂ ಮಾತಾಡದ ಒಬ್ಬಳು ಹುಡುಗಿ ಕೇಳಿದಳು: “ಇನ್ನು ಇಲ್ಲ ಅಂತ ಹೆಂಗೆ ಗೊತ್ತಾಗತ್ತೆ ಮಿಸ್?” ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆಗಳಲ್ಲಿ ಇದೂ ಒಂದು. ಸಿಕ್ಕಿದ್ದು ಸರಿಯೇ ಎಂದಲ್ಲ, ಸಿಕ್ಕಬೇಕಾದ್ದೆಲ್ಲ ಸಿಕ್ಕಿದೆಯೇ ಎಂದು ಕೇಳುವ ಮಗು ಗಣಿತದ ಅಂಗಳಕ್ಕೆ ಕಾಲಿಟ್ಟಾಯಿತು. ಎಲ್ಲರೂ ಸೇರಿ 10ರಿಂದ 49ರವರೆಗೆ ಒಂದೊಂದೇ ಬರೆದು, ಆಗದವನ್ನು ಹೊಡೆದುಹಾಕಿದೆವು. ಉಳಿದದ್ದು 23. ಇದಕ್ಕೆ ಝೆರಾಕ್ಸ್ ಖರ್ಚು ಸೊನ್ನೆ.

ಸುಡೊಕು ಬಗ್ಗೆ ಒಂದು ಮಾತು, ಯಾಕೆಂದರೆ ಗಣಿತ ಮೇಳಗಳಲ್ಲಿ ಅದನ್ನು ಲೆಕ್ಕವೆಂದು ತೋರಿಸುವುದನ್ನು ನೋಡಿದ್ದೇನೆ. ಸುಡೊಕುವಿನಲ್ಲಿ 1ರಿಂದ 9ರ ಬದಲು ಒಂಬತ್ತು ಹೂವಿನ ಹೆಸರು ಬರೆದರೂ ಆಟ ಕೆಡುವುದಿಲ್ಲ. ಅದು ತರ್ಕಕ್ಕೆ ಒಳ್ಳೆಯದು, ಕೂಡುವುದಕ್ಕೆ ಕಳೆಯುವುದಕ್ಕೆ ಅಲ್ಲ. ಕೂಡುವುದೂ ಗುಣಿಸುವುದೂ ಬೇಕೆಂದರೆ ಜಪಾನಿನ ಗಣಿತ ಮೇಷ್ಟ್ರು ತೆತ್ಸುಯಾ ಮಿಯಾಮೊಟೊ 2004ರಲ್ಲಿ ತನ್ನ ಶಿಷ್ಯರಿಗಾಗಿ ರೂಪಿಸಿದ ಕೆನ್‌ಕೆನ್ ನೋಡಿ. ಅಲ್ಲಿ ಪ್ರತಿ ಪುಟ್ಟ ಆವರಣಕ್ಕೂ ಒಂದು ಮೊತ್ತವೋ ಗುಣಲಬ್ಧವೋ ಕಾವಲಿರುತ್ತದೆ. ಹಾಳೆ ಆರಿಸುವಾಗ ಈ ವ್ಯತ್ಯಾಸ ಗಮನದಲ್ಲಿರಲಿ: ಇವತ್ತಿನ ಪಾಠ ಯಾವುದು, ಒಗಟಿನ ಬೀಗ ತೆರೆಯುವುದು ಅದೇ ಪಾಠದ ಕೈಯಿಂದಲೇ?

ಭಿನ್ನರಾಶಿಗೆ ನನಗೆ ಸಿಕ್ಕ ಕೈ ಎಂದರೆ ಅಜ್ಜಿಯರು ಹೇಳುತ್ತಿದ್ದ ಹದಿನೇಳು ಹಸುವಿನ ಕಥೆ. ಅಪ್ಪ ಸತ್ತ. ದೊಡ್ಡವನಿಗೆ ಅರ್ಧ, ನಡುವಿನವನಿಗೆ ಮೂರನೇ ಒಂದು, ಚಿಕ್ಕವನಿಗೆ ಒಂಬತ್ತನೇ ಒಂದು ಎಂದು ಬರೆದಿಟ್ಟ. ಹಸು ಹದಿನೇಳು. ಪಕ್ಕದ ಮನೆಯಾತ ತನ್ನದೊಂದು ಹಸು ತಂದು ಸೇರಿಸಿ ಹದಿನೆಂಟು ಮಾಡಿದ. ಒಂಬತ್ತು, ಆರು, ಎರಡು ಹಂಚಿ, ಉಳಿದ ತನ್ನ ಹಸು ಹೊಡೆದುಕೊಂಡು ಹೋದ. ಕಥೆ ಕೇಳಿ ಮಕ್ಕಳು ನಗುತ್ತಾರೆ. ಹಾಳೆ ಶುರುವಾಗುವುದು ನಗು ನಿಂತ ಮೇಲೆ. ಆ ಹಸು ಹೇಗೆ ಉಳಿಯಿತು? ಲ.ಸಾ.ಅ. ತೆಗೆದು ಮೂರೂ ಪಾಲು ಕೂಡಿದರೆ ಹದಿನೆಂಟರಲ್ಲಿ ಹದಿನೇಳು. ಅಪ್ಪನೇ ಪೂರ್ತಿ ಹಂಚಿರಲಿಲ್ಲ! ಎರಡನೆಯ ಪ್ರಶ್ನೆ: ಇಂಥದೇ ಇನ್ನೊಂದು ಉಯಿಲು ನೀವು ಬರೆಯಿರಿ. ಏಳನೇ ತರಗತಿಯ ಒಂದು ಗುಂಪು 11 ಹಸುವಿಗೆ ಅರ್ಧ, ಕಾಲು, ಆರನೇ ಒಂದು ಎಂದು ಬರೆದು ತಂದಿತು. ಇನ್ನೊಂದು ಗುಂಪು 7 ಹಸುವಿಗೆ ಅರ್ಧ, ಕಾಲು, ಅರೆಕಾಲು. ನೀವೂ ಕೂಡಿ ನೋಡಿ, ಎರಡೂ ಹೊಂದುತ್ತವೆ. ಉಯಿಲು ಬರೆಯಬೇಕಾದರೆ ಭಿನ್ನರಾಶಿ ಕೂಡುವುದು ಹಲವು ಸಲ ಆಗಲೇಬೇಕು, ಯಾರೂ ಬಲವಂತ ಮಾಡದೆ.

ಇನ್ನೊಂದು ತಪ್ಪೊಪ್ಪಿಗೆ ಇದೆ. ಗಿಳಿಗಿಂತ ದೊಡ್ಡದು. ಹಲವು ವರ್ಷ ನಾನು ಒಗಟು ಹಾಳೆಗಳನ್ನು ಬೇಗ ಲೆಕ್ಕ ಮುಗಿಸಿದವರಿಗೆ ಬಹುಮಾನದಂತೆ ಕೊಡುತ್ತಿದ್ದೆ. “ಹತ್ತೂ ಲೆಕ್ಕ ಮುಗಿಸಿದವರು ಬಂದು ಒಗಟು ತಗೊಳ್ಳಿ.” ಪ್ರತಿದಿನ ಬರುತ್ತಿದ್ದವರು ಅದೇ ಆರೇಳು ಮಕ್ಕಳು. ಉಳಿದವರಿಗೆ ವರ್ಷಪೂರ್ತಿ ಬರೀ ಹತ್ತು ಲೆಕ್ಕ, ಅದೂ ಅರ್ಧಕ್ಕೆ. ಊಟದ ಪಂಕ್ತಿಯಲ್ಲಿ ಹಸಿದವರಿಗೆ ಅನ್ನ ಸಾರು ಬಡಿಸಿ, ಹೊಟ್ಟೆ ತುಂಬಿದವರಿಗಷ್ಟೇ ಪಾಯಸ ಹಾಕಿದಂತೆ. ಒಗಟು ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೆ ಸಿಗಲೇ ಇಲ್ಲ. ದಯವಿಟ್ಟು ಈ ತಪ್ಪು ಮಾಡಬೇಡಿ. ಒಗಟು ಪಾಠದ ಶುರುವಿನಲ್ಲಿರಲಿ, ಎಲ್ಲರಿಗೂ ಇರಲಿ.

ಇದರ ಜೊತೆಗೇ ಓಟದ ಪಂದ್ಯವನ್ನೂ ಬಿಡಿ. ಮೊದಲು ಬಿಡಿಸಿದವರಿಗೆ ಚಪ್ಪಾಳೆ ಎಂದ ಕೂಡಲೇ ಉಳಿದ ಮೂವತ್ತು ತಲೆಗಳು ಯೋಚಿಸುವುದನ್ನು ನಿಲ್ಲಿಸುತ್ತವೆ. ಗಣಿತ ದಿನದ ಭಾಷಣಗಳಲ್ಲಿ ನಾವೆಲ್ಲ ಬೆಂಗಳೂರಿನ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದನ್ನು ಹೇಳುತ್ತೇವೆ. ಹೇಳಬೇಕು, ಹೆಮ್ಮೆಯ ವಿಷಯ. ಆದರೆ ಅದೇ ಶಕುಂತಲಾ ದೇವಿ ಒಗಟುಗಳ ಪುಸ್ತಕಗಳನ್ನೂ ಬರೆದರು. ಅವನ್ನು ಓದುವವರ ಪಕ್ಕದಲ್ಲಿ ಗಡಿಯಾರ ಹಿಡಿದು ಯಾರೂ ನಿಂತಿರುವುದಿಲ್ಲ.

ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗಳು ನನಗೂ ಗೊತ್ತು. ಪಠ್ಯ ಮುಗಿಯುವುದು ಯಾವಾಗ? ಒಗಟನ್ನು ಪಾಠದ ಮೇಲೆ ಹೇರಿದರೆ ಮುಗಿಯುವುದಿಲ್ಲ, ಪಾಠದ ಅಭ್ಯಾಸದ ಜಾಗಕ್ಕೆ ತಂದರೆ ಮುಗಿಯುತ್ತದೆ. ಕಾಪ್ರೇಕರ್ ಹಾಳೆ ಕೊಟ್ಟ ದಿನ ಕಳೆಯುವ ಲೆಕ್ಕದ ಅಭ್ಯಾಸವನ್ನು ಬೇರೆ ಕೊಡಬೇಕಿಲ್ಲ. ನಾಲ್ಕೈದು ಸಂಖ್ಯೆ ಹಿಡಿದರೆ ಇಪ್ಪತ್ತು ಲೆಕ್ಕ ತಾನಾಗಿಯೇ ಆಗಿರುತ್ತದೆ. ನೋಟ್‌ಬುಕ್ ನೋಡಲು ಬರುವ ಅಧಿಕಾರಿಗಳಿಗೆ, “ಬರೀ ಆಟ ಆಡಿಸ್ತಾರಂತೆ” ಎನ್ನುವ ಪೋಷಕರಿಗೆ ಏನು ತೋರಿಸುವುದು? ಹಾಳೆಯನ್ನು ನೋಟ್‌ಬುಕ್ಕಿಗೇ ಅಂಟಿಸಿ. ಕೆಳಗೆ ಮಗು ತನ್ನ ಮಾತಿನಲ್ಲಿ ಎರಡು ಸಾಲು ಬರೆಯಲಿ, ಹೇಗೆ ಸಿಕ್ಕಿತು, ಎಲ್ಲಿ ತಪ್ಪಿತ್ತು ಎಂದು. ರೂಪಣಾತ್ಮಕ ಮೌಲ್ಯಮಾಪನಕ್ಕೆ ನನಗೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಕ್ಕಿಲ್ಲ.

ದುಡ್ಡು ಎಲ್ಲಿಂದ? ಹೆಚ್ಚಿನವಕ್ಕೆ ಹಲಗೆ, ಸೀಮೆಸುಣ್ಣ ಸಾಕು. ಮನೆ ಗೆರೆ ಬೇಕಾದ ಹಾಳೆಗಳನ್ನು ಹಳೇ ಪ್ರಶ್ನೆಪತ್ರಿಕೆಗಳ ಹಿಂಬದಿಗೆ ಬರೆಸಿ. ಒಂದು ಸಲ ಮಾಡಿಸಿದ ಪ್ರತಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಒರೆಸಬಹುದಾದ ಮಾರ್ಕರ್‌ ಕೊಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಇಬ್ಬರಿಗೆ ಒಂದೇ ಹಾಳೆ ಕೊಡಿ. ಇದು ಉಳಿತಾಯಕ್ಕಲ್ಲ, ಇಬ್ಬರ ನಡುವೆ ಒಂದು ಹಾಳೆಯಿದ್ದರೆ ಮಾತಾಡಲೇಬೇಕಾಗುತ್ತದೆ ಎಂಬುದಕ್ಕೆ. ಎರಡು ತರಗತಿ ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವರಿಗಂತೂ ಇದು ಉಸಿರಾಡಲು ಸಮಯ ಕೊಡುತ್ತದೆ. ಮೂರಂಕಿಯ ಕಾಪ್ರೇಕರ್ ಒಂದು ಸಾಲಿಗೆ, ನಾಲ್ಕಂಕಿಯದು ಇನ್ನೊಂದು ಸಾಲಿಗೆ.

ಒಗಟು ಹಾಳೆಯಿಂದ ಆಗದ ಕೆಲಸಗಳೂ ಇವೆ. ಕಾಲು ಅಂದರೆ ಏನೆಂದು ರೊಟ್ಟಿ ಮುರಿದು ತೋರಿಸದೆ ಹಸುವಿನ ಉಯಿಲಿಗೆ ಹೋದರೆ ಮಗು ಕಕ್ಕಾಬಿಕ್ಕಿಯಾಗುತ್ತದೆ. ಮಗ್ಗಿ ಬಾಯಿಗೆ ಬರಲೇಬೇಕು, ಹಾರದ ಸಂಖ್ಯೆ ಅದರ ಬದಲಿಗಲ್ಲ. ಮಾತು ಹೆಚ್ಚಿರುವ ಒಗಟುಗಳು ಓದು ಬಾರದ ಮಗುವನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು ಆಡುವ ಮಕ್ಕಳಿರುವ ತರಗತಿಗೆ ಮನೆ ಗೆರೆಯ, ಅಂಕಿಯ ಒಗಟುಗಳೇ ಮೊದಲು ಹೋಗಲಿ, ಕಥೆಯ ಒಗಟುಗಳನ್ನು ಬಾಯಲ್ಲಿ ಹೇಳಿ. ಇನ್ನು ಸಿಕ್ಕದೇ ಹೋದ ಒಗಟನ್ನು ಬೆಲ್ ಹೊಡೆಯಿತೆಂದು ಬಿಡಿಸಿ ತೋರಿಸಬೇಡಿ. ಅದು ಮಗುವಿನ ಜೊತೆ ಮನೆಗೆ ಹೋಗಲಿ. ದನ ಕಾಯುವಾಗಲೋ ತಂಗಿಯನ್ನು ತೂಗುವಾಗಲೋ ಬಿಚ್ಚಿಕೊಂಡರೂ ಬಿಚ್ಚಿಕೊಳ್ಳಬಹುದು.

ಮೊನ್ನೆ ಏಳನೇ ತರಗತಿಯಲ್ಲಿ ಒಬ್ಬಳ ಹತ್ತಿರ ಹೋಗಿ ಬಗ್ಗಿ ನೋಡಿದೆ. ಕೈ ಅಡ್ಡ ಹಿಡಿದು, “ನೋಡ್ಬೇಡಿ ಮಿಸ್, ಎಲ್ಲೋ ತಪ್ಪಿದೆ, ನಾನೇ ಹುಡುಕ್ತೀನಿ” ಎಂದಳು. ನಾನು ಮೇಜಿಗೆ ವಾಪಸ್ ಬಂದು ಕೂತೆ. ಕೆಂಪು ಪೆನ್ನಿಗೆ ಕೆಲಸವಿರಲಿಲ್ಲ.

ಪತ್ರ ಮುಗಿಸುವ ಮುಂಚೆ ಮುಂದಿನ ಸಮಾಲೋಚನಾ ಸಭೆಯಲ್ಲಿ ಟೀ ಬರುವವರೆಗೆ ಬಿಡಿಸಲು ನಿಮಗೂ ಒಂದು ಹಾಳೆ. ಇದೂ ಮಹಾವೀರಾಚಾರ್ಯನದೇ. 3 ಪಣಕ್ಕೆ 5 ಪಾರಿವಾಳ, 5 ಪಣಕ್ಕೆ 7 ಸಾರಸ, 7 ಪಣಕ್ಕೆ 9 ಹಂಸ, 9 ಪಣಕ್ಕೆ 3 ನವಿಲು. ರಾಜಕುಮಾರನ ಆಟಕ್ಕೆಂದು ಇದೇ ದರದಲ್ಲಿ ಸರಿಯಾಗಿ 100 ಪಣಕ್ಕೆ ಸರಿಯಾಗಿ 100 ಹಕ್ಕಿ ತರಬೇಕು, ನಾಲ್ಕೂ ಜಾತಿಯವು ಇರಬೇಕು. ಉತ್ತರ ಒಂದೇ ಅಲ್ಲ. ಸಿಕ್ಕಿದ್ದನ್ನು ನನಗೆ ಕಳಿಸಿ ಸರಿಯೇ ಎಂದು ಕೇಳಬೇಕಾಗಿಲ್ಲ. ಹಕ್ಕಿ ಎಣಿಸಿ, ಪಣ ಎಣಿಸಿ, ನಿಮಗೇ ಗೊತ್ತಾಗುತ್ತದೆ.

ಇಂತಿ,
ನಿಮ್ಮಲ್ಲೊಬ್ಬ ಗಣಿತ ಟೀಚರು